ದೂರದಲ್ಲಿರುವ ಮಗಳು



ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದ ಮೇಲೂ ಅಲ್ಲಾಹನ ಅನುಗ್ರಹವಿರಲಿ.

ಪುಟ್ಟ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಸಾಕುವ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಇಂದು ಬೆಳೆದು ದೂರ ಹೋಗಿರುವ ಮಗಳ ಬಗ್ಗೆ ಯೋಚಿಸೋಣ. ಒಬ್ಬಳು ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ. ಒಬ್ಬಳು ಗಂಡನೊಂದಿಗೆ ದುಬೈಯಲ್ಲಿದ್ದಾಳೆ. ಇನ್ನೊಬ್ಬಳು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಅವಳನ್ನು ಕಳುಹಿಸಿಕೊಟ್ಟ ದಿನವೇ ತಂದೆಯ ಹೊಣೆ ಮುಗಿಯಿತೇ?

ಪ್ರವಾದಿ(ಸ)ರ ಹಿರಿಯ ಮಗಳು ಝೈನಬ್(ರ). ತಂದೆ ಮದೀನಾಕ್ಕೆ ಹಿಜ್ರತ್ ಹೋದಾಗ ಅವರು ಪತಿ ಅಬುಲ್ ಆಸ್‌ರೊಂದಿಗೆ ಮಕ್ಕಾದಲ್ಲೇ ಉಳಿದರು. ಪತಿ ಆಗಿನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಹಿಜರಿ 2ರ ಬದ್ರ್ ಯುದ್ಧದಲ್ಲಿ ಎದುರು ಪಕ್ಷದಲ್ಲಿದ್ದ ಅಬುಲ್ ಆಸ್ ಸೆರೆಸಿಕ್ಕರು. ಕೈದಿಗಳ ಬಿಡುಗಡೆಗಾಗಿ ಮಕ್ಕಾದಿಂದ ಹಣ ಬರತೊಡಗಿತು. ಝೈನಬ್ ಕಳುಹಿಸಿದ್ದರಲ್ಲಿ ಒಂದು ಹಾರವಿತ್ತು. ಮದುವೆಯಲ್ಲಿ ತಾಯಿ ಖದೀಜಾ(ರ) ಮಗಳಿಗೆ ತೊಡಿಸಿ ಕಳುಹಿಸಿದ ಹಾರ. ಖದೀಜಾ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು.

ಹಾರವನ್ನು ಕಂಡು ಪ್ರವಾದಿ(ಸ)ರ ಮನಸ್ಸು ಕರಗಿತು. ಅವರು ಅದನ್ನು ಮರೆಮಾಚಲಿಲ್ಲ. ಹಾಗೆಂದು ಸಮುದಾಯದ ಹಕ್ಕನ್ನು ತಾವೇ ಬಿಟ್ಟುಕೊಡಲೂ ಇಲ್ಲ. ನಿಮಗೆ ಸರಿಯೆನಿಸಿದರೆ ಆಕೆಯ ಕೈದಿಯನ್ನು ಬಿಟ್ಟು, ಆಕೆಯದ್ದನ್ನು ಆಕೆಗೇ ಮರಳಿಸಬಹುದೇ ಎಂದು ಸಹಾಬಿಗಳನ್ನು ಕೇಳಿದರು. ಅವರು ಒಪ್ಪಿದರು. ಬಳಿಕ ಮಗಳನ್ನು ಕರೆತರಲು ಝೈದ್ ಬಿನ್ ಹಾರಿಸ(ರ) ಮತ್ತು ಒಬ್ಬ ಅನ್ಸಾರಿಯನ್ನು ಕಳುಹಿಸಿದರು. ಅಬೂದಾವೂದ್‌ನಲ್ಲಿ ಈ ವರದಿಯಿದೆ. ಮಗಳ ಸಂಕಟ ತಂದೆಗೆ ತಿಳಿಯಿತು. ತಿಳಿದ ಮೇಲೆ ತಂದೆ ಸುಮ್ಮನಿರಲಿಲ್ಲ.

ಮದುವೆಯಾಗಿದ್ದ ಫಾತಿಮಾ(ರ) ಬಂದಾಗ ಪ್ರವಾದಿ(ಸ) ಎದ್ದುಹೋಗಿ, ಕೈಹಿಡಿದು, ಮುತ್ತಿಟ್ಟು, ತಮ್ಮ ಜಾಗದಲ್ಲಿ ಕೂರಿಸುತ್ತಿದ್ದರೆಂದು ಆಯಿಶಾ(ರ) ತಿಳಿಸಿದ್ದಾರೆ. ನಮ್ಮಲ್ಲಿ ತವರಿಗೆ ಬಂದ ಮಗಳಿಗೆ ಮೊದಲ ಪ್ರಶ್ನೆಯೇ, "ಎಷ್ಟು ದಿನ ಇರ್ತೀಯಾ?" ಫೋನ್ ಬಂದರೆ, "ಆರಾಮಾ? ಇರು, ಅಮ್ಮಿಗೆ ಕೊಡ್ತೇನೆ."

ಸಹೋದರರೇ, ನಿಕಾಹ್‌ನ ವೇಳೆ ವರನ ಕೈಹಿಡಿದ ತಂದೆಯ ಕೈ ನಡುಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಪ್ರೀತಿ ಇಲ್ಲದೆ ಅಲ್ಲ. ಹೇಳುವ ರೂಢಿ ಇಲ್ಲ, ಅಷ್ಟೇ. ಆದರೆ ಹೇಳದ ಪ್ರೀತಿಯನ್ನು ಮಗಳು ದೂರದಲ್ಲಿದ್ದು ಹೇಗೆ ಅರಿಯಬೇಕು? "ಎಲ್ಲ ಚೆನ್ನಾಗಿದೆ ಅಬ್ಬಾ" ಎನ್ನುವ ಎಲ್ಲರೂ ಚೆನ್ನಾಗಿರುವುದಿಲ್ಲ. ತವರಿನ ಬಾಗಿಲು ತೆರೆದಿದೆ ಎಂಬ ನಂಬಿಕೆಯಿದ್ದವಳು ಮಾತ್ರ ಕಷ್ಟವನ್ನು ಬಾಯಿಬಿಟ್ಟು ಹೇಳುತ್ತಾಳೆ. "ಮರ್ಯಾದೆ ಹೋಗುತ್ತದೆ, ಸಹಿಸಿಕೋ" ಎಂದು ಒಮ್ಮೆ ಕೇಳಿಸಿಕೊಂಡವಳು ಮತ್ತೆ ಹೇಳುವುದಿಲ್ಲ. ಸಬ್ರ್ ದೊಡ್ಡ ಗುಣ. ಆದರೆ ಏಟು ತಿಂದು ಬಾಯಿ ಮುಚ್ಚಿಕೊಂಡಿರುವುದಕ್ಕೆ ಸಬ್ರ್ ಎಂದು ಹೆಸರಿಡಬೇಡಿ.

ಹಾಗೆಂದು ಸಣ್ಣ ಮಾತಿಗೆಲ್ಲ ಅಳಿಯನ ಮೇಲೆ ಏರಿಹೋಗುವುದೂ ಸುನ್ನತ್ ಅಲ್ಲ. ಫಾತಿಮಾ(ರ)ರೊಂದಿಗೆ ಮುನಿಸಿಕೊಂಡು ಮಸೀದಿಯಲ್ಲಿ ಮಲಗಿದ್ದ ಅಲೀ(ರ)ರನ್ನು ಪ್ರವಾದಿ(ಸ)ರೇ ಹುಡುಕಿಕೊಂಡು ಹೋದರು. ಮೈಗೆ ಅಂಟಿದ್ದ ಮಣ್ಣನ್ನು ಒರೆಸುತ್ತಾ ಪ್ರೀತಿಯಿಂದ 'ಅಬೂ ತುರಾಬ್' ಎಂದು ಕರೆದು ಎಬ್ಬಿಸಿದರು.

ಇಂದು ಜುಮಾ ಮುಗಿಸಿ ಹೋದ ಮೇಲೆ ಮಗಳಿಗೆ ನೀವೇ ಫೋನ್ ಮಾಡಿ. ಕೆಲಸವಿದೆಯೆಂದಲ್ಲ, ಅವಳ ದನಿ ಕೇಳಲಿಕ್ಕೆ. ಅವಳು ಮಾತು ಮುಗಿಸುವ ತನಕ ಫೋನನ್ನು ಇನ್ನೊಬ್ಬರ ಕೈಗೆ ಕೊಡಬೇಡಿ.

ದೂರದಲ್ಲಿರುವ ನಮ್ಮ ಹೆಣ್ಣುಮಕ್ಕಳನ್ನು ಅಲ್ಲಾಹನು ಕಾಪಾಡಲಿ. ಅವರು ನಂಬಿ ಮಾತಾಡಬಹುದಾದ ತಂದೆಯಂದಿರನ್ನಾಗಿ ನಮ್ಮನ್ನು ಮಾಡಲಿ. ಆಮೀನ್.