ಹಿಗ್ಗುವ ರಬ್ಬರು, ಹರಿಯುವ ರಬ್ಬರು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ – ಯಾವ ತಾಲೂಕಿಗೆ ಹೋದರೂ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಇವತ್ತಿನ ಮಾತು ಹಿಟ್ಟಿನಿಂದಲೇ ಶುರು ಮಾಡೋಣ.

ಹೋಳಿಗೆಯ ಕಣಕ ಎಳೆದರೆ ಹಿಗ್ಗುತ್ತದೆ. ಹೂರಣ ತುಂಬಿದರೂ ಹರಿಯುವುದಿಲ್ಲ. ಜೋಳದ ಹಿಟ್ಟನ್ನು ಹಾಗೆ ಎಳೆದು ನೋಡ್ರಿ. ಪಟ್ಟನೆ ಮುರಿಯುತ್ತದೆ. ಯಾಕೆ ಹೇಳ್ರಿ? ಗೋಧಿಯಲ್ಲಿ ಒಂದು ಸತ್ವ ಇದೆ. ನೀರು ಹಾಕಿ ನಾದಿದರೆ ಅದು ಕಣ್ಣಿಗೆ ಕಾಣದ ಬಲೆಯಾಗುತ್ತದೆ. ಎಳೆದರೆ ಬಲೆ ಹಿಗ್ಗುತ್ತದೆ. ಜೋಳದಲ್ಲಿ ಆ ಸತ್ವ ಇಲ್ಲ. ಅದಕ್ಕೇ ನೀವು ಕುದಿಯುವ ಎಸರು ಹಾಕುತ್ತೀರಿ. ಬಿಸಿಗೆ ಹಿಟ್ಟು ಅಂಟಾಗಿ ಜಿಗಿ ಬರುತ್ತದೆ. ಎಸರು ಆರಿದ್ದರೆ ರೊಟ್ಟಿಯ ಅಂಚು ಬಿರಿಯುತ್ತದೆ.

ರಬ್ಬರೂ ಹೀಗೆಯೇ. ಅದರೊಳಗೆ ಕಣ್ಣಿಗೆ ಕಾಣದ ಉದ್ದುದ್ದ ಎಳೆಗಳು ಸಿಕ್ಕುಸಿಕ್ಕಾಗಿ ಇರುತ್ತವೆ. ಎಳೆದರೆ ನೆಟ್ಟಗಾಗುತ್ತವೆ. ಬಿಟ್ಟರೆ ಮತ್ತೆ ಮುದುಡುತ್ತವೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬವರು ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರು. ಎಳೆ ಎಳೆಗೂ ಗಂಟು ಬಿದ್ದು ರಬ್ಬರು ಗಟ್ಟಿಯಾಯಿತು.

ಈಗ ಒಂದು ಕೆಲಸ ಮಾಡ್ರಿ. ಹಳೆ ಸೈಕಲ್ ಟ್ಯೂಬಿನಿಂದ ಎರಡು ಪಟ್ಟಿ ಕತ್ತರಿಸಿರಿ. ಒಂದರ ಅಂಚಿಗೆ ಬ್ಲೇಡಿನಿಂದ ಸಣ್ಣ ಗೀರು ಹಾಕಿರಿ. ಎರಡನ್ನೂ ಜಗ್ಗಿರಿ. ಗೀರು ಇಲ್ಲದ್ದು ಎಷ್ಟೋ ಹಿಗ್ಗುತ್ತದೆ. ಗೀರು ಇದ್ದದ್ದು ಅಲ್ಲಿಂದಲೇ ಹರಿಯುತ್ತದೆ. ಎಲ್ಲ ಎಳೆಗಳು ಕೂಡಿ ಭಾರ ಹೊರುತ್ತವೆ. ಕೆಲವು ಕಡಿದರೆ ಅವುಗಳ ಭಾರ ಗೀರಿನ ತುದಿಯ ಎಳೆಗಳ ಮೇಲೆ ಬೀಳುತ್ತದೆ. ಅವು ಹರಿದರೆ ಅದರ ಮುಂದಿನವುಗಳ ಮೇಲೆ.

ಇದು ಆಟದ ಮಾತಲ್ಲ. ಒಲೆಗೆ ಗ್ಯಾಸ್ ಬರುವುದು ರಬ್ಬರ್ ಪೈಪಿನಲ್ಲಿ. ವರ್ಷ ಕಳೆದಂತೆ, ಒಲೆಯ ಕಾವಿಗೆ, ಅದು ಬಿರುಸಾಗುತ್ತದೆ. ಹಿಗ್ಗುವ ಗುಣ ಹೋಗಿ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ಬಿರುಕು ಬೆಳೆದರೆ ಗ್ಯಾಸ್ ಸೋರಿ ಬೆಂಕಿ ಹತ್ತಬಹುದು.

ಹಾಗಾದರೆ ಏನು ಮಾಡಬೇಕು? ಸಿಲಿಂಡರ್ ಬಂದ್ ಮಾಡಿ, ಪೈಪು ಬಾಗಿಸಿ ನೋಡಿರಿ. ಬಿರುಕು ಕಂಡರೆ ಬದಲಿಸಿರಿ. ಸೋರಿಕೆ ನೋಡಲು ಕಡ್ಡಿ ಗೀರಬೇಡಿರಿ. ಸಾಬೂನು ನೀರು ಹಚ್ಚಿರಿ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದು ತಿಳಿಯಿರಿ. ಗ್ಯಾಸಿನ ವಾಸನೆ ಬಂದರೆ ಸಿಲಿಂಡರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ. ಲೈಟಿನ ಗುಂಡಿ ಮುಟ್ಟಬೇಡಿರಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿರಿ.

ಬಿರುಕು ಕಾಣದಿದ್ದರೂ ‘ಸುರಕ್ಷಾ’ ಪೈಪನ್ನು 5 ವರ್ಷಕ್ಕೆ ಬದಲಿಸಬೇಕು. ತಯಾರಾದ ವರ್ಷ ಪೈಪಿನ ಮೇಲೆ ಅಚ್ಚಾಗಿರುತ್ತದೆ. ಅಂಕಿ ಓದಲು ಈಗ ನಿಮಗೆ ಬರುತ್ತದೆ. ಇವತ್ತೇ ಮನೆಗೆ ಹೋಗಿ ಓದ್ರಿ. ಅದಕ್ಕೆ 5 ಕೂಡಿಸ್ರಿ. ನೆರೆಮನೆಯ ಅಕ್ಕನಿಗೂ ಓದಿ ಹೇಳ್ರಿ.