ವ್ಯಾನು ಯಾಕೆ ಬಿಸಿಯಾಯ್ತು?



ನಮ್ಮ ಸಂಘದ ಹಪ್ಪಳ, ಸಂಡಿಗೆ ಉಡುಪಿಗೆ ಹೋಗೋದು ಹಳೇ ಓಮ್ನಿ ವ್ಯಾನಿನಲ್ಲಿ. ಕಂಪನಿಯವರು ಓಮ್ನಿ ತಯಾರಿಸುವುದನ್ನು 2019ರಲ್ಲೇ ನಿಲ್ಲಿಸಿದ್ದಾರೆ. ಹಾಗಾಗಿ ಇನ್ನು ನೋಡಿಕೊಳ್ಳಬೇಕಾದವರು ನಾವೇ.

ಓಮ್ನಿಯ ಇಂಜಿನ್ನು ಮುಂದಿನ ಸೀಟಿನ ಅಡಿಯಲ್ಲಿದೆ. ಇಂಜಿನ್ನಿನ ಸುತ್ತ ನೀರು ಓಡುತ್ತದೆ. ಅಲ್ಲಿ ಕಾದ ನೀರು ರೇಡಿಯೇಟರಿಗೆ ಬರುತ್ತದೆ. ಗಾಳಿಗೆ ತಣಿದು ಮತ್ತೆ ಒಳಗೆ ಹೋಗುತ್ತದೆ. ಈ ಓಟ ನಿಂತರೆ ಇಂಜಿನ್ನು ಕೆಟ್ಟಿತು ಅನ್ನಿ.

ಸೋಮೇಶ್ವರದಿಂದ ಆಗುಂಬೆಗೆ 14 ತಿರುವು. ಹತ್ತುವಾಗ ಇಂಜಿನ್ನಿಗೆ ದುಡಿಮೆ ಜಾಸ್ತಿ, ವೇಗ ಕಡಿಮೆ. ಗಾಳಿ ಸಾಲದು. ಹಳೇ ವ್ಯಾನಿನ ರೋಗ ಹೊರಬೀಳೋದು ಅಲ್ಲೇ.

ಮುಂದೆ ಬಿಸಿ ತೋರಿಸುವ ಮುಳ್ಳು ಇದೆ. ಅದು ಕೆಂಪು ಗೆರೆಯ ಹತ್ತಿರ ಹೋದರೆ ಗಾಡಿ ನಿಲ್ಲಿಸಲು ಹೇಳಿ. 'ಡ್ರೈವರಿಗೆ ಗೊತ್ತಿಲ್ವಾ' ಅಂತ ಸುಮ್ಮನೆ ಕೂರಬೇಡಿ. ಗಾಡಿ ನಮ್ಮದು, ಖರ್ಚೂ ನಮ್ಮದೇ.

ಗಾಡಿಯನ್ನು ಪಕ್ಕಕ್ಕೆ ಹಾಕಿ ಇಂಜಿನ್ನು ಆರಿಸಿ. ಆದರೆ ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ! ಕುಕ್ಕರಿನ ಆವಿ ಇಳಿಯುವ ಮೊದಲು ನೀವು ಮುಚ್ಚಳ ತೆಗೀತೀರಾ? ಇದೂ ಹಾಗೇ. ಒಳಗೆ ಒತ್ತಡದಲ್ಲಿ ನೀರು ಕುದೀತಾ ಇರುತ್ತದೆ. ತೆಗೆದರೆ ಮುಖಕ್ಕೇ ಚಿಮ್ಮುತ್ತದೆ, ಸುಟ್ಟು ಬೊಬ್ಬೆ ಏಳುತ್ತದೆ. ಅರ್ಧ ಗಂಟೆಗೂ ಹೆಚ್ಚು ಕಾಯಿರಿ. ಪೂರ್ತಿ ತಣ್ಣಗಾದ ಮೇಲೆ ದಪ್ಪ ಬಟ್ಟೆ ಹಿಡಿದು ನಿಧಾನ ತಿರುಗಿಸಿ. ಬಿಸಿ ಇಂಜಿನ್ನಿಗೆ ತಣ್ಣೀರು ಸುರಿಯಲೂಬಾರದು. ಕಾದ ಗಾಜಿನ ಲೋಟದ ಹಾಗೆ ಸೀಳು ಬಿಡಬಹುದು.

ಈಗ ಕಾರಣ ಹುಡುಕೋಣ. ಗಾಡಿಯ ಕೆಳಗೆ ನೀರು ತೊಟ್ಟಿಕ್ಕುತ್ತಿದೆಯಾ? ರಬ್ಬರ್ ಪೈಪು ಬಿರಿದಿರಬಹುದು. ಫ್ಯಾನು ತಿರುಗದೇ ಇರಬಹುದು. ನೀರು ತಳ್ಳುವ ಪಂಪಿನ ಬೆಲ್ಟು ಸಡಿಲವಾಗಿರಬಹುದು. ರೇಡಿಯೇಟರಿಗೆ ಧೂಳು, ಹುಳ ಅಂಟಿರಬಹುದು. ಇವೆಲ್ಲ ಸಣ್ಣ ರಿಪೇರಿ.

ಆಯಿಲ್ ಕಡ್ಡಿ ಎಳೆದಾಗ ಆಯಿಲು ಹಾಲು ಹಾಕಿದ ಚಹಾದ ಹಾಗೆ ಕಂಡರೆ ಮಾತು ಬೇರೆ. ಆಯಿಲಿಗೆ ನೀರು ಸೇರಿದೆ. ಆಮೇಲೆ ಗಾಡಿ ಓಡಿಸಬೇಡಿ, ಎಳೆಸಿಕೊಂಡು ಗ್ಯಾರೇಜಿಗೆ ಹೋಗಿ.

ಬೋರ್ ನೀರನ್ನೇ ಹಾಕುತ್ತಾ ಬಂದರೆ ಬಚ್ಚಲ ಹಂಡೆಗೆ ಕಟ್ಟುವ ಬಿಳಿ ಪೊರೆ ರೇಡಿಯೇಟರಿನ ಒಳಗೂ ಕಟ್ಟುತ್ತದೆ. ಕೂಲೆಂಟ್ ಅನ್ನುವ ದ್ರವ ಹಾಕಿಸಿ. ಅದು ತುಕ್ಕು ತಡೆಯುತ್ತದೆ. ಅದು ಸಿಹಿ ಇರುತ್ತದೆ, ಆದರೆ ವಿಷ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಮುಂದಿನ ಸಲ ಹೊರಡುವ ಮುಂಚೆ, ಬೆಳಿಗ್ಗೆ ಇಂಜಿನ್ನು ತಣ್ಣಗಿರುವಾಗಲೇ ನೀರು ನೋಡಿ. ವ್ಯಾನಿನಲ್ಲಿ ಎರಡು ಬಾಟಲಿ ನೀರೂ ಇರಲಿ.