ಮಧ್ಯಾಹ್ನ ಬಾಡುವ ಟೊಮೆಟೊ

ಸೂರತ್‌ನ ಉಧ್ನಾ ಎಂದರೆ ಮಗ್ಗಗಳ ಸದ್ದು, ರೈಲು, ಒತ್ತೊತ್ತಾದ ಮನೆಗಳು. ತೋಟ ಮಾಡಲು ಅಲ್ಲಿ ಉಳಿದ ಜಾಗ ತಾರಸಿ ಮಾತ್ರ. ಏಪ್ರಿಲ್ ಬಂತೆಂದರೆ ಬೆಳಿಗ್ಗೆ ನೆಟ್ಟಗಿದ್ದ ಟೊಮೆಟೊ ಗಿಡ ಮಧ್ಯಾಹ್ನ ಎರಡರ ಹೊತ್ತಿಗೆ ಜೋತುಬೀಳುತ್ತದೆ. ಮನೆಯವರು ಗಾಬರಿಯಿಂದ ಬಕೆಟ್ ತುಂಬ ನೀರು ಸುರಿಯುತ್ತಾರೆ. ಎಷ್ಟೋ ಸಲ ಬಿಸಿಲಿಗಿಂತ ಹೆಚ್ಚಿನ ಕೇಡನ್ನು ಈ ಗಾಬರಿಯೇ ಮಾಡುತ್ತದೆ.

ಎಲೆಯ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗುತ್ತಲೇ ಇರುತ್ತದೆ; ಗಿಡ ತಣ್ಣಗಿರುವುದು ಅದರಿಂದಲೇ. ನಡುಹಗಲಲ್ಲಿ ಬೇರು ಹೀರುವುದಕ್ಕಿಂತ ಎಲೆ ಕಳೆದುಕೊಳ್ಳುವ ನೀರು ಹೆಚ್ಚಾದಾಗ ಕೋಶಗಳ ಬಿಗಿ ತಗ್ಗಿ ಎಲೆ ಬಾಗುತ್ತದೆ. ಬಾಗಿದ ಎಲೆಗೆ ಬಿಸಿಲೂ ಕಡಿಮೆ ತಾಗುತ್ತದೆ. ಸೂರ್ಯ ಇಳಿದ ಮೇಲೆ ಎಲೆ ತಾನಾಗಿ ಎದ್ದರೆ ಚಿಂತೆ ಬೇಡ.

ನೀರು ಹಾಕುವ ಮೊದಲು ಮಣ್ಣಿನಲ್ಲಿ ಎರಡು ಅಂಗುಲ ಬೆರಳಿಳಿಸಿ ನೋಡಬೇಕು. ಒಣಗಿದ್ದರೆ ಬುಡಕ್ಕೆ ನಿಧಾನವಾಗಿ ನೀರು ಕೊಡಬೇಕು. ಹಸಿಯಾಗಿದ್ದರೆ ಸಂಜೆವರೆಗೆ ಕಾಯಬೇಕು. ಸೂರತ್ ಸುತ್ತಿನ ಕಪ್ಪು ಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಅದನ್ನೇ ಕುಂಡಕ್ಕೆ ತುಂಬಿ ದಿನಕ್ಕೆ ಮೂರು ಬಾರಿ ನೀರು ಹೊಯ್ದರೆ ಬೇರು ಗಾಳಿಯಾಡದೆ ಕೊಳೆಯುತ್ತದೆ. ವಿಚಿತ್ರವೆಂದರೆ, ಬೇರು ಕೊಳೆತ ಗಿಡವೂ ಬಾಯಾರಿದ ಗಿಡದಂತೆಯೇ ಬಾಡುತ್ತದೆ! ಮಣ್ಣಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ, ಕುಂಡದ ತಳದ ತೂತು ಮುಚ್ಚದಂತೆ ನೋಡಿಕೊಂಡು, ಬೆಳಗಿನ ಜಾವ ಚೆನ್ನಾಗಿ ನೀರುಣಿಸುವುದು ಒಳ್ಳೆಯದು.

ತಾರಸಿಯಲ್ಲಿ ಇನ್ನೊಂದು ಶತ್ರು ಕಾಲ ಕೆಳಗೇ ಇದೆ: ಕಾದ ಕಾಂಕ್ರೀಟು. ಕಪ್ಪು ಪ್ಲಾಸ್ಟಿಕ್ ಕುಂಡವನ್ನು ಅದರ ಮೇಲಿಟ್ಟರೆ ಬೇರು ಬೇಯುತ್ತದೆ. 2013ರಲ್ಲಿ ಬಿಸಿಗಾಳಿ ಎದುರಿಸುವ ಯೋಜನೆ ತಂದ ಅಹಮದಾಬಾದ್ ಪಾಲಿಕೆ ಮುಂದೆ ಬಡವರ ಮನೆಗಳ ಸೂರಿಗೆ ಬಿಳಿ ಬಣ್ಣ ಬಳಿಸಿತು. ಬಿಳಿ ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ. ಹಾಗೆಯೇ ಕುಂಡದ ಹೊರಮೈಗೂ ಸುಣ್ಣ ಬಳಿಯಬಹುದು. ಕುಂಡವನ್ನು ಇಟ್ಟಿಗೆಯ ಮೇಲೆ ಎತ್ತಿಡಿ. ಬುಡಕ್ಕೆ ಕಬ್ಬಿನ ರವದಿಯನ್ನೋ ತರಗೆಲೆಯನ್ನೋ ಹೊದಿಸಿ. ಸೂರತ್ ಬಳಿಯ ಬಾರ್ಡೋಲಿ ಕಡೆ ಕಬ್ಬು ಧಾರಾಳ. ಮಧ್ಯಾಹ್ನದ ಬಿಸಿಲಿಗೆ ಅರ್ಧ ನೆರಳಿನ ಹಸಿರು ಪರದೆ ಕಟ್ಟಿದರೂ ಸಾಕು. ಪರದೆ ಇಲ್ಲದವರಿಗೆ ಹಳೆಯ ತೆಳು ಸೀರೆಯಾದೀತು. ಸೀರೆಗೆ ಸೂರತ್‌ನಲ್ಲಿ ಬರವೇ?

ಸಂಜೆ, ಮರುದಿನ ಬೆಳಿಗ್ಗೆಯೂ ಗಿಡ ಏಳದಿದ್ದರೆ, ಎಲೆ ಹಸಿರಾಗಿರುವಾಗಲೇ ಸೊರಗಿದರೆ, ಅದು ದುಂಡಾಣು ಸೊರಗು ರೋಗವಿರಬಹುದು. ಕಾಂಡದ ತುಂಡು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಹಿಡಿದಾಗ, ಆ ರೋಗವಿದ್ದರೆ ಹಾಲಿನಂಥ ಎಳೆ ಇಳಿಯುತ್ತದೆ. ಇದಕ್ಕೆ ಔಷಧಿ ನೆಚ್ಚಿಕೊಳ್ಳುವಂತಿಲ್ಲ. ಗಿಡ ಕಿತ್ತು ದೂರ ಹಾಕಬೇಕು; ಆ ಮಣ್ಣಿನಲ್ಲಿ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ ಬೇಡ. ಕೋಲಾರದಂಥ ಟೊಮೆಟೊ ಸೀಮೆಯೂ ಬಲ್ಲ ಕಷ್ಟವಿದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ರೋಗವನ್ನು ತಡೆಯುತ್ತದೆ, ಎಲೆ ಮುರುಟು ರೋಗವನ್ನೂ.

ಇಷ್ಟು ಮಾಡಿದರೂ ಮೇ ತಿಂಗಳಲ್ಲಿ ಹೂ ಉದುರಬಹುದು. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗ ಕೆಡುತ್ತದೆ, ಕಾಯಿ ಕಟ್ಟುವುದಿಲ್ಲ. ಆಗ ಗೊಬ್ಬರ ಸುರಿದು ಪ್ರಯೋಜನವಿಲ್ಲ. ಉಧ್ನಾದವರು ಸೆಪ್ಟೆಂಬರ್‌ನಲ್ಲಿ ಬೀಜ ಹಾಕಿ, ಅಕ್ಟೋಬರ್‌ನಲ್ಲಿ ಸಸಿ ನೆಟ್ಟರೆ ಬೇಸಿಗೆ ಏರುವ ಮೊದಲೇ ಹಣ್ಣು ಕೊಯ್ದುಕೊಳ್ಳಬಹುದು.